ಮಣ್ಣಿನೊಳಗಿನ ಬೂಷ್ಟಿಗೂ ನಮಗೂ ಏನು ಋಣ?



ಬೂಷ್ಟು ಎಂದರೆ ನಮಗೆ ಯಾರಿಗೂ ಆಗದು. ಆಷಾಢದ ಮಳೆ ಹಿಡಿಯಿತೆಂದರೆ ಮಲೆನಾಡಿನ ಯಾವ ಮನೆಗೂ ಅದರ ಕಾಟ ತಪ್ಪಿದ್ದಲ್ಲ. ಉಪ್ಪಿನಕಾಯಿ ಜಾಡಿಯ ಬಾಯಲ್ಲಿ, ಚರ್ಮದ ಚಪ್ಪಲಿಯ ಮೇಲೆ, ಮದುವೆಯ ಸೀರೆ ಮಡಿಸಿಟ್ಟ ಪೆಟ್ಟಿಗೆಯಲ್ಲಿ ಬಿಳಿಯದೋ ಹಸಿರದೋ ಒಂದು ಪುಡಿ ಕೂತಿರುತ್ತದೆ. ದೇವಾಲಯದಲ್ಲಿ ಬಲಿಪೂಜೆಯ ವಸ್ತ್ರಗಳನ್ನು ಬಿಸಿಲು ಕಂಡ ದಿನ ಹೊರಗೆ ಹರವದಿದ್ದರೆ ಅವಕ್ಕೂ ಅದೇ ಗತಿ. ತೋಟದಲ್ಲಂತೂ ಅದು ಕಾಟವಲ್ಲ, ಕೇಡು. ಅಡಿಕೆಗೆ ಕೊಳೆ, ಕಾಳುಮೆಣಸಿನ ಬಳ್ಳಿಗೆ ಶೀಘ್ರ ಸೊರಗು, ಶುಂಠಿಗೆ ಗಡ್ಡೆಕೊಳೆ. ಒಂದೇ ಮಳೆಗಾಲದಲ್ಲಿ ಮಗಳ ಮದುವೆಗೆಂದು ನೆಚ್ಚಿಕೊಂಡ ಹಣ, ಮಗನ ಕಾಲೇಜಿನ ಶುಲ್ಕ ಮಣ್ಣುಪಾಲಾದ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲಿ ಎಷ್ಟಿಲ್ಲ?

ಅಡಿಕೆಯ ಕೊಳೆರೋಗದ ಕಾರಣವನ್ನು ಬಿಡಿಸಿ ಹೇಳಿದವರು ಕೆನಡಾದಿಂದ ಮೈಸೂರು ಸಂಸ್ಥಾನದ ಸೇವೆಗೆ ಬಂದ ವಿಜ್ಞಾನಿ ಲೆಸ್ಲಿ ಕೋಲ್ಮನ್. 1910ರಲ್ಲಿ ಅವರು ಈ ರೋಗದ ಬಗ್ಗೆ ಬರೆದರು. ಮೈಲುತುತ್ತ ಮತ್ತು ಸುಣ್ಣ ಕೂಡಿಸಿದ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಹೊಡೆಯುವ ಪದ್ಧತಿಯನ್ನು ನಮ್ಮ ರೈತರಿಗೆ ತಿಳಿಸಿಕೊಟ್ಟರು. ರೋಗ ತರುವ ಜೀವಿಗೆ ಫೈಟೋಫ್ತೋರಾ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಅದರ ಅರ್ಥ 'ಸಸ್ಯನಾಶಕ'. ಇದೇ ಕುಲದ ಇನ್ನೊಂದು ಜೀವಿ 1845ರಿಂದ ಐರ್ಲೆಂಡಿನ ಆಲೂಗಡ್ಡೆ ಬೆಳೆಯನ್ನು ತಿಂದುಹಾಕಿದಾಗ ಹತ್ತಿರ ಹತ್ತಿರ 10 ಲಕ್ಷ ಮಂದಿ ಹಸಿವಿನಿಂದಲೂ ಅದರ ಬೆನ್ನಿಗೆ ಬಂದ ಜ್ವರಗಳಿಂದಲೂ ಸತ್ತರು. ಅವರಲ್ಲಿ ಬಹುಪಾಲು ಬಡ ಕಥೋಲಿಕ ಗೇಣಿದಾರರು. ಇಂದಿನ ವಿಜ್ಞಾನಿಗಳು ಫೈಟೋಫ್ತೋರಾವನ್ನು ನಿಜವಾದ ಶಿಲೀಂಧ್ರಗಳ ಗುಂಪಿನಿಂದ ಹೊರಗಿಟ್ಟಿದ್ದಾರೆ. ಅದು ಅವರ ಶಾಸ್ತ್ರ. ತೋಟದವನ ಕಣ್ಣಿಗೆ ಅದೂ ಬೂಷ್ಟೇ.

ಹೀಗೆ ಬೂಷ್ಟು ಎಂದರೆ ಕೊಲ್ಲಬೇಕಾದದ್ದು ಎಂದೇ ನಂಬಿ ಬೆಳೆದ ನಮ್ಮ ಕೈಗೆ ಕೃಷಿ ಇಲಾಖೆಯವರು ಒಂದು ಪೊಟ್ಟಣ ಕೊಟ್ಟು, 'ಇದರೊಳಗೆ ಜೀವಂತ ಶಿಲೀಂಧ್ರವಿದೆ, ಗೊಬ್ಬರಕ್ಕೆ ಬೆರೆಸಿ ಗಿಡದ ಬುಡಕ್ಕೆ ಹಾಕಿ' ಎನ್ನುತ್ತಾರೆ. ಪೊಟ್ಟಣದ ಮೇಲೆ ಟ್ರೈಕೋಡರ್ಮಾ ಎಂದು ಬರೆದಿರುತ್ತದೆ. ಇದು ಯಾರೋ ಪ್ರಯೋಗಾಲಯದಲ್ಲಿ ಹುಟ್ಟಿಸಿದ ಹೊಸ ಜೀವವೇನಲ್ಲ. ನಮ್ಮ ತೋಟದ ದರಕಿನ ಕೆಳಗೆ, ಕೊಳೆತ ಕೊಂಬೆಯ ಮೇಲೆ ಹಸಿರು ಪುಡಿಯಂತೆ ಕಾಣುವುದು ಬಹಳ ಸಲ ಇದೇ. 1794ರಷ್ಟು ಹಿಂದೆಯೇ ಪೆರ್ಸೂನ್ ಎಂಬ ಪಂಡಿತ ಇದಕ್ಕೆ ಹೆಸರಿಟ್ಟಿದ್ದ. ಆದರೆ ಇದು ರೋಗದ ಶಿಲೀಂಧ್ರವನ್ನು ಹಿಡಿದು ತಿನ್ನುತ್ತದೆ ಎಂಬುದನ್ನು ವೈಂಡ್ಲಿಂಗ್ ಎಂಬ ವಿಜ್ಞಾನಿ ಅಮೆರಿಕದಲ್ಲಿ ತೋರಿಸಿದ್ದು 1932ರಲ್ಲಿ.

ಅದರ ಕೆಲಸ ಹೀಗೆ. ರೋಗಕಾರಕದ ದಾರದಂಥ ಎಳೆಯನ್ನು ಮುಟ್ಟಿದೊಡನೆ ಇದು ತನ್ನ ಎಳೆಯನ್ನು ಅದರ ಸುತ್ತ ಹಾವಿನಂತೆ ಸುತ್ತುತ್ತದೆ. ಗೋಡೆ ಕರಗಿಸುವ ಕಿಣ್ವಗಳನ್ನು ಸುರಿಸಿ ಒಳಗಿನ ಸಾರವನ್ನು ಹೀರಿಕೊಳ್ಳುತ್ತದೆ. ಜೊತೆಗೆ ಬೇರಿನ ಸುತ್ತಲಿನ ಜಾಗವನ್ನೂ ಆಹಾರವನ್ನೂ ಮೊದಲೇ ಆಕ್ರಮಿಸಿಕೊಂಡು ಬೇರೆಯವರಿಗೆ ಎಡೆ ಕೊಡುವುದಿಲ್ಲ. ಇನ್ನೂ ಆಶ್ಚರ್ಯವೆಂದರೆ ಇದು ಬೇರಿನ ಬಳಿ ನೆಲೆಸಿದಾಗ ಗಿಡವೇ ಎಚ್ಚೆತ್ತುಕೊಂಡು, ಎಲೆಗೆ ಬರುವ ರೋಗಕ್ಕೂ ಹೆಚ್ಚು ತಡೆ ಒಡ್ಡುವುದುಂಟು.

ಬಳಸುವ ಕ್ರಮ ಕಷ್ಟದ್ದಲ್ಲ. 90 ಕಿಲೋ ಒಣಗಿದ ಸಗಣಿ ಗೊಬ್ಬರ, 10 ಕಿಲೋ ಬೇವಿನ ಹಿಂಡಿ, 1 ಕಿಲೋ ಟ್ರೈಕೋಡರ್ಮಾ. ಇವನ್ನು ನೆರಳಿನಲ್ಲಿ ಕಲಸಿ, ಹಿಡಿದರೆ ಉಂಡೆ ನಿಲ್ಲುವಷ್ಟು ನೀರು ಚಿಮುಕಿಸಿ, ಒದ್ದೆ ಗೋಣಿ ಮುಚ್ಚಿ ಎರಡು ವಾರ ಬಿಡಬೇಕು. ನಡುವೆ ಒಮ್ಮೆ ತಿರುವಿ ಹಾಕಬೇಕು. ರಾಶಿಯ ಮೇಲೆ ಹಸಿರು ಬಣ್ಣ ಮೂಡಿದರೆ ಅದು ಬದುಕಿದೆ ಎಂದು ತಿಳಿಯಬಹುದು. ಗೊಬ್ಬರವಿಲ್ಲದೆ ಬರೀ ಪುಡಿಯನ್ನು ಒಣ ನೆಲಕ್ಕೆ ಚೆಲ್ಲಿದರೆ ಅದು ಉಪವಾಸ ಬಿದ್ದು ಸಾಯುತ್ತದೆ. ತಾಮ್ರದ ಔಷಧಿ ಸುರಿದ ಬುಡಕ್ಕೆ ಮರುದಿನವೇ ಇದನ್ನು ಹಾಕುವುದೂ ವ್ಯರ್ಥ. ಎರಡಕ್ಕೂ ನಡುವೆ ಕೆಲವು ವಾರಗಳ ಅಂತರ ಬೇಕು.

ಇದಲ್ಲದೆ ಇನ್ನೊಂದು ಬಗೆಯುಂಟು. 1885ರಲ್ಲಿ ಜರ್ಮನಿಯ ಆಲ್ಬರ್ಟ್ ಬರ್ನ್‌ಹಾರ್ಡ್ ಫ್ರಾಂಕ್ ಎಂಬ ಸಸ್ಯವಿಜ್ಞಾನಿ ಅದಕ್ಕೆ ಮೈಕೋರೈಜಾ ಎಂದು ಹೆಸರಿಟ್ಟರು. 'ಶಿಲೀಂಧ್ರ ಬೇರು' ಎಂದು ಅರ್ಥ. ದುಬಾರಿ ಬೆಲೆಯ ಟ್ರಫಲ್ ಎಂಬ ಅಣಬೆಯನ್ನು ಪ್ರಷ್ಯಾದಲ್ಲಿ ಬೆಳೆಸುವ ದಾರಿ ಹುಡುಕಲು ಸರ್ಕಾರ ಅವರಿಗೆ ಒಪ್ಪಿಸಿತ್ತು. ಅವರು ಕಂಡದ್ದು ಬೇರೆಯೇ ಆಯಿತು. ಮರದ ಬೇರೂ ಶಿಲೀಂಧ್ರವೂ ಒಂದರೊಳಗೊಂದು ಸೇರಿ ಒಂದೇ ಅಂಗದಂತೆ ಬಾಳುತ್ತಿದ್ದವು. ಈ ಎಳೆಗಳು ಬೇರು ತಲುಪದ ಸಂದಿಗಳಿಗೆ ಚಾಚಿ ರಂಜಕವನ್ನೂ ನೀರನ್ನೂ ತರುತ್ತವೆ. ಗಿಡ ಬಿಸಿಲಿನಲ್ಲಿ ಮಾಡಿದ ಸಕ್ಕರೆಯಲ್ಲಿ ಒಂದು ಪಾಲು ಕೊಡುತ್ತದೆ. ಸ್ಕಾಟ್‌ಲೆಂಡಿನ ರೈನಿ ಎಂಬ ಊರಿನ ಬಳಿ ಸಿಕ್ಕಿದ 40 ಕೋಟಿ ವರ್ಷ ಹಳೆಯ ಸಸ್ಯಗಳ ಪಳೆಯುಳಿಕೆಯಲ್ಲೂ ಇಂಥ ಎಳೆಗಳಿವೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಪ್ರೊಫೆಸರ್ ಭಾಗ್ಯರಾಜ್ ಅವರು ನಮ್ಮ ಬೆಳೆಗಳ ಮೇಲೆ ಈ ಬಗ್ಗೆ ಹಲವು ದಶಕ ದುಡಿದಿದ್ದಾರೆ. ರಾಗಿ, ಮೆಣಸು, ಕಾಫಿ, ಅಡಿಕೆ, ಎಲ್ಲಕ್ಕೂ ಈ ಸಂಗಾತಿಯುಂಟು. ಕೋಸು, ಮೂಲಂಗಿ, ಸಾಸಿವೆಗೆ ಮಾತ್ರ ಇಲ್ಲ. ಯೇಸುಸ್ವಾಮಿಯ ಸಾಮತಿಯ ಸಾಸಿವೆ ಕಾಳು ಒಂಟಿಯಾಗಿಯೇ ಬೆಳೆದು ದೊಡ್ಡದಾಗುವ ಜಾತಿಯದು ಎಂದಾಯಿತು!

ಇಲ್ಲಿಗೆ ಬಂದಾಗ ನಮ್ಮಂಥ ಪ್ರಸಂಗಕಾರರಿಗೆ ಒಂದು ಶೋಧನೆ ಎದುರಾಗುತ್ತದೆ. 'ನೋಡಿ, ಮಣ್ಣಿನ ಬೂಷ್ಟು ಕೂಡ ಪರಸ್ಪರ ಪ್ರೀತಿಯಿಂದ ಬಾಳುತ್ತದೆ, ನೀವೂ ಹಾಗೆ ಬಾಳಿ' ಎಂದು ಭಾನುವಾರ ಒಂದು ಮಾತು ಹೇಳಿ ಮುಗಿಸಿಬಿಡಬಹುದು. ಅದು ನಿಜವಲ್ಲ. ಮೈಕೋರೈಜಾ ನಡೆಸುವುದು ಕೊಡುಕೊಳ್ಳುವ ವ್ಯವಹಾರ. ಗಿಡಕ್ಕೆ ಗೊಬ್ಬರದ ಅಂಗಡಿಯಿಂದ ಬೇಕಾದಷ್ಟು ರಂಜಕ ಸಿಕ್ಕಿದರೆ ಅದು ಹಳೆಯ ಸಂಗಾತಿಗೆ ಸಕ್ಕರೆ ಕೊಡುವುದನ್ನು ಕಡಿಮೆ ಮಾಡುತ್ತದೆ. ಟ್ರೈಕೋಡರ್ಮಾ ಮಾಡುವುದಂತೂ ಕೊಲೆ. ಇವುಗಳಿಂದ ನೀತಿ ಕಲಿಯಹೊರಟರೆ ಯಾವ ನೀತಿ ಕಲಿಯಬೇಕು?

ಇನ್ನೂ ನೋಡಿ. ನಮ್ಮ ಕೆಲವು ಊರುಗಳಲ್ಲಿ ಸ್ವಸಹಾಯ ಸಂಘದ ಅಕ್ಕಂದಿರು ಭತ್ತದ ಹುಲ್ಲು ತುಂಬಿದ ಚೀಲಗಳಲ್ಲಿ ಅಣಬೆ ಬೆಳೆಯುತ್ತಾರೆ. ಅವರನ್ನು ಕೇಳಿ. ಚೀಲದಲ್ಲಿ ಹಸಿರು ಮಚ್ಚೆ ಕಂಡರೆ ಅವರ ಎದೆ ಒಡೆಯುತ್ತದೆ. ಆ ಚೀಲವನ್ನು ದೂರ ಒಯ್ದು ಹೂಳಬೇಕು ಇಲ್ಲವೇ ಸುಡಬೇಕು. ಆ ಹಸಿರು ಮಚ್ಚೆಯೂ ಟ್ರೈಕೋಡರ್ಮಾ ಕುಲದ್ದೇ. ತೋಟದಲ್ಲಿ ಕಾಯುವವನು ಅಣಬೆ ಮನೆಯಲ್ಲಿ ಕಳ್ಳ. ಎರಡನೆಯ ಮಹಾಯುದ್ಧದ ಕಾಲಕ್ಕೆ ಸಾಲೋಮನ್ ದ್ವೀಪಗಳಲ್ಲಿ ಅಮೆರಿಕದ ಸೈನಿಕರ ಗುಡಾರಗಳ ಬಟ್ಟೆಯನ್ನು ತಿಂದು ಹಾಳುಮಾಡಿದ್ದೂ ಇದೇ ಕುಲದ ಒಂದು ಜಾತಿ. ಅದೇ ಜಾತಿಯಿಂದ ಇಂದು ಕಾರ್ಖಾನೆಗಳು ನಾರು ಕರಗಿಸುವ ಕಿಣ್ವವನ್ನು ತೆಗೆದು ಬಟ್ಟೆ, ಕಾಗದದ ಉದ್ಯಮಗಳಿಗೆ ಮಾರುತ್ತವೆ.

ಹಾಗಾದರೆ ಇದು ಒಳ್ಳೆಯದೋ ಕೆಟ್ಟದ್ದೋ? ಈ ಪ್ರಶ್ನೆ ಹೊಸದಲ್ಲ. ಕೇಡು ಮಾಡುವ ಜೀವಿಗಳನ್ನು ದೇವರು ಏಕೆ ಸೃಷ್ಟಿಸಿದರು ಎಂದು ಮನಿಕೇಯ ಪಂಥದವರು ಕೆಣಕಿದಾಗ ಸಂತ ಅಗಸ್ಟೀನರು ಒಂದು ಹೋಲಿಕೆ ಕೊಟ್ಟರು. ಕಸುಬು ತಿಳಿಯದವನೊಬ್ಬ ಕುಶಲಕರ್ಮಿಯ ಕಾರ್ಯಾಗಾರಕ್ಕೆ ನುಗ್ಗಿ, ಅಲ್ಲಿನ ಉಪಕರಣಗಳ ಉಪಯೋಗ ಅರಿಯದೆ, ಹರಿತವಾದ ಒಂದನ್ನು ಹಿಡಿದು ಕೈ ಕೊಯ್ದುಕೊಂಡು, ಇವೆಲ್ಲ ಕೇಡಿನ ವಸ್ತುಗಳೆಂದು ಕೂಗಾಡಿದರೆ ಯಜಮಾನ ನಕ್ಕು ತನ್ನ ಕೆಲಸ ಮುಂದುವರಿಸುತ್ತಾನೆ. ಈ ಹೋಲಿಕೆಯನ್ನು ಸಂತ ಥಾಮಸ್ ಅಕ್ವಿನಾಸರೂ ಎತ್ತಿಕೊಂಡಿದ್ದಾರೆ. ಬೂಷ್ಟಿಗೆ ಪಾಪವೂ ಇಲ್ಲ, ಪುಣ್ಯವೂ ಇಲ್ಲ. ಅದು ತನ್ನ ಸ್ವಭಾವದಂತೆ ನಡೆಯುತ್ತದೆ. ಪಾಪ ಪುಣ್ಯದ ಮಾತು ಶುರುವಾಗುವುದು ಅದನ್ನು ಹಿಡಿದ ಕೈಯಿಂದ.

ಹೀಗೆ ಹೇಳಿದರೆ, ಅದಕ್ಕೆ ನಾವು ಏನೂ ಸಲ್ಲಿಸಬೇಕಾಗಿಲ್ಲ, ಬೇಕಾದಾಗ ಹಾಕುವುದು ಬೇಡವಾದಾಗ ಕೊಲ್ಲುವುದು, ಅಷ್ಟೇ ತಾನೇ ಎಂದು ನೀವು ಕೇಳಬಹುದು. ಈ ಪ್ರಶ್ನೆಗೂ ಅಕ್ವಿನಾಸರಲ್ಲಿ ಉತ್ತರವಿದೆ. ಅದು ನನಗೆ ಇಂದಿನ ಎಷ್ಟೋ ಪರಿಸರ ಭಾಷಣಗಳಿಗಿಂತ ಗಟ್ಟಿಯಾಗಿ ತೋರುತ್ತದೆ. ಬುದ್ಧಿಯಿಲ್ಲದ ಜೀವಿಯನ್ನು ಮಿತ್ರನಂತೆ ಪ್ರೀತಿಸಲು ಬರುವುದಿಲ್ಲ, ಏಕೆಂದರೆ ಅದರೊಡನೆ ನಮಗೆ ಮಾತುಕತೆಯ ಬಾಳಿಲ್ಲ ಎನ್ನುತ್ತಾರೆ ಅವರು. ಆದರೆ ಇತರರಿಗೆ ಸಿಗಲಿ, ಉಳಿಯಲಿ ಎಂದು ನಾವು ಬಯಸುವ ಒಂದು ಒಳಿತು ಎಂಬ ರೀತಿಯಲ್ಲಿ, ದೇವರ ಮಹಿಮೆಗೂ ಮನುಷ್ಯರ ಉಪಯೋಗಕ್ಕೂ ಅದನ್ನು ಪ್ರೀತಿಸಬಹುದು. ನೋಡಿ, ಇಲ್ಲಿ 'ಇತರರು' ಎಂಬ ಮಾತು ಬಂತು. ಬೂಷ್ಟಿಗೆ ನಾವು ಋಣಿಗಳಲ್ಲ. ಬೂಷ್ಟಿನ ಮೂಲಕ ಯಾರಿಗೋ ಋಣಿಗಳು.

ಯಾರಿಗೆ? ಇದನ್ನು ಗಾಳಿಯಲ್ಲಿ ಹೇಳದೆ ನಮ್ಮ ನೆಲದ ಒಂದು ಸಂಗತಿಯಿಂದ ಹೇಳುತ್ತೇನೆ.

ಹಾಸನ, ಶಿವಮೊಗ್ಗ, ಕೊಡಗು, ಹುಣಸೂರು, ಹೆಗ್ಗಡದೇವನಕೋಟೆ ಕಡೆಗಳಲ್ಲಿ ಶುಂಠಿಗೆ ನೆಲ ಗುತ್ತಿಗೆ ಕೊಡುವ ವಾಡಿಕೆ ನಿಮಗೆ ಗೊತ್ತು. ಶುಂಠಿ ಬೆಳೆದ ನೆಲದಲ್ಲಿ ಕೊಳೆರೋಗದ ಬೀಜ ಉಳಿದುಕೊಳ್ಳುವುದರಿಂದ ಅದೇ ಜಾಗದಲ್ಲಿ ಮರುವರ್ಷ ಶುಂಠಿ ಹಾಕುವಂತಿಲ್ಲ. ಹಾಗಾಗಿ ಗುತ್ತಿಗೆದಾರ ವರ್ಷ ವರ್ಷ ಹೊಸ ನೆಲ ಹುಡುಕುತ್ತಾನೆ. ಅವನು ಹಾಕುವ ಬಂಡವಾಳ ಸಣ್ಣದಲ್ಲ, ಭಯವೂ ಸಣ್ಣದಲ್ಲ. ಎರಡು ದಿನ ಮಳೆ ಹಿಡಿದು ಎಲೆ ಹಳದಿಯಾದರೆ ಕೈಗೆ ಸಿಕ್ಕಿದ ಔಷಧಿಯನ್ನೆಲ್ಲ ಬುಡಕ್ಕೆ ಸುರಿಯುತ್ತಾನೆ. ಬೆಳೆ ಕಿತ್ತ ಮೇಲೆ ಅವನಿಗೆ ಆ ನೆಲ ಬೇಕಿಲ್ಲ. ಔಷಧಿಯಲ್ಲಿನ ತಾಮ್ರ ಲೋಹ. ಕೊಳೆತು ಹೋಗುವಂಥದ್ದಲ್ಲ, ಮಣ್ಣಿನಲ್ಲೇ ಉಳಿಯುತ್ತದೆ. ರೋಗದ ಬೀಜವೂ ಉಳಿಯುತ್ತದೆ. ಅದನ್ನು ತಿನ್ನಬಹುದಾಗಿದ್ದ ಶಿಲೀಂಧ್ರಗಳು ಅಷ್ಟೇ ಪ್ರಮಾಣದಲ್ಲಿ ಉಳಿಯುತ್ತವೆಯೇ ಎಂಬುದು ಬೇರೆ ಮಾತು.

ಇಂಥ ಒಂದು ಹೊಲದ ಯಜಮಾನರು ನನ್ನನ್ನು ನೇರವಾಗಿ ಕೇಳಿದ್ದುಂಟು: 'ಫಾದರ್, ಪಹಣಿ ನನ್ನ ಹೆಸರಿನಲ್ಲಿದೆ. ನನ್ನ ನೆಲ ನಾನು ಕೊಟ್ಟರೆ ಯಾರಿಗೆ ಅನ್ಯಾಯ?'

ನ್ಯಾಯವಾದ ಪ್ರಶ್ನೆ. ಧರ್ಮಸಭೆ ಖಾಸಗಿ ಆಸ್ತಿಯ ಹಕ್ಕನ್ನು ಅಲ್ಲಗಳೆಯುವುದಿಲ್ಲ. ಆದರೆ ಯಾಜಕಕಾಂಡದ 25ನೇ ಅಧ್ಯಾಯವನ್ನು ಓದಿ. ಅದು ಭೂಮಿಯ ಮಾರಾಟ, ಗೇಣಿ, ಬಿಡುಗಡೆಯ ಲೆಕ್ಕಾಚಾರವೇ ತುಂಬಿದ ಅಧ್ಯಾಯ. ಏಳನೆಯ ವರ್ಷ ನೆಲಕ್ಕೂ ವಿಶ್ರಾಂತಿ ಕೊಡಬೇಕೆಂದು ಅಲ್ಲಿ ವಿಧಿಸಿದೆ. ನೆಲವನ್ನು ಶಾಶ್ವತವಾಗಿ ಮಾರಕೂಡದು, ಅದು ಸರ್ವೇಶ್ವರನದು, ನೀವು ಅಲ್ಲಿ ಪರಸ್ಥಳದ ಒಕ್ಕಲುಗಳು ಎಂಬ ಅರ್ಥದ ಮಾತು ಅಲ್ಲಿದೆ. ಅಂದರೆ ಪಹಣಿ ಇರುವ ಯಜಮಾನನೂ ಒಬ್ಬ ಗುತ್ತಿಗೆದಾರನೇ. ಅವನ ಅವಧಿ ಸ್ವಲ್ಪ ಉದ್ದ, ಅಷ್ಟೇ ವ್ಯತ್ಯಾಸ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಸೃಷ್ಟಿಯ ಬಗೆಗಿನ ನಮ್ಮ ಹೊಣೆಯನ್ನು ಎಲ್ಲಿ ಇಟ್ಟಿದೆ ಗೊತ್ತೇ? ಏಳನೆಯ ಕಟ್ಟಳೆಯ ಕೆಳಗೆ, ಕದಿಯಬೇಡ ಎಂಬಲ್ಲಿ (2415). ಸೃಷ್ಟಿಯ ಮೇಲೆ ಮನುಷ್ಯನಿಗೆ ಇರುವ ಒಡೆತನ ಸಂಪೂರ್ಣವಾದದ್ದಲ್ಲ, ಮುಂದೆ ಬರುವ ತಲೆಮಾರುಗಳೂ ಅದರ ಲೆಕ್ಕದಲ್ಲಿ ಸೇರುತ್ತವೆ ಎಂದು ಅದು ಬೋಧಿಸುತ್ತದೆ. ಪೋಪ್ ಫ್ರಾನ್ಸಿಸ್ ಅವರು 2015ರ ತಮ್ಮ 'ಲೌದಾತೋ ಸಿ' ವಿಶ್ವಪತ್ರದಲ್ಲಿ, ಪರಿಸರದ ನಡೆಗೆ ಬೇಕಾದ ಜೀವಿಗಳನ್ನು ಎಣಿಸುವಾಗ, ಶಿಲೀಂಧ್ರಗಳ ಹೆಸರನ್ನೇ ಹೇಳಿದ್ದಾರೆ (34).

ಈಗ ಆ ಹೊಲದ ಮಣ್ಣನ್ನು ನೋಡಿ. ಅದರ ಕಪ್ಪು ಬಣ್ಣ ಎಲ್ಲಿಂದ ಬಂತು? ಅಪ್ಪ, ಅಜ್ಜ ವರ್ಷ ವರ್ಷ ಹೊತ್ತು ಹಾಕಿದ ಸೊಪ್ಪು, ಕೊಟ್ಟಿಗೆ ಗೊಬ್ಬರ. ಅವರ ಜೊತೆ ಕೂಲಿಗೆ ದುಡಿದವರ ಬೆವರು. ಅವರ ಹೆಸರು ಯಾವ ಪಹಣಿಯಲ್ಲೂ ಇಲ್ಲ. ಆ ಗೊಬ್ಬರವನ್ನು ತಿಂದು ಕಾಣದ ಜೀವಿಗಳು ಸಾವಕಾಶವಾಗಿ ಕಟ್ಟಿದ ಮನೆ ಅದು. ಇಂದಿನ ಯಜಮಾನನಿಗೆ ಅದು ಬಂದದ್ದು ಕೈಬದಲಾಗಿ. ಅವನಿಂದ ಇನ್ನೊಬ್ಬರ ಕೈಗೆ ಹೋಗಬೇಕಾದದ್ದು. ಬಡ್ಡಿಯನ್ನು ತಿನ್ನಲು ಅವನಿಗೆ ಹಕ್ಕಿದೆ. ಅಸಲನ್ನೇ ಒಂದು ವರ್ಷದ ದುಡ್ಡಿಗೆ ಕರಗಿಸಿದರೆ, ಇನ್ನೂ ಹುಟ್ಟದ ಮೊಮ್ಮಗನ ಜೇಬಿಗೆ ಕೈ ಹಾಕಿದಂತೆ. ಆ ಮಗು ಬಂದು ನ್ಯಾಯ ಕೇಳಲಾರದು ಎಂಬುದರಿಂದ ಅನ್ಯಾಯ ಹಗುರವಾಗುವುದಿಲ್ಲ.

ಗುತ್ತಿಗೆದಾರ ಹೊರಗಿನವನು, ಅವನಿಗೇನು ಮಮತೆ ಎಂದು ಬಯ್ಯುವುದನ್ನು ಕೇಳಿದ್ದೇನೆ. ಬಯ್ಯುವುದು ಸುಲಭ. ಕರಾರಿಗೆ ಸಹಿ ಹಾಕಿ ಮುಂಗಡ ಎಣಿಸಿಕೊಂಡವರು ಒಳಗಿನವರೇ ಅಲ್ಲವೇ? ಬೆನ್ನಿಗೆ ಔಷಧಿ ಕ್ಯಾನು ಕಟ್ಟಿಕೊಂಡು, ಕೈಗವಸು ಮುಖವಸ್ತ್ರ ಯಾವುದೂ ಇಲ್ಲದೆ ಹೊಡೆಯುವವರು ಇಬ್ಬರ ಲೆಕ್ಕಕ್ಕೂ ಬರದ ಕೂಲಿಯವರು.

ಇಷ್ಟು ಹೇಳಿದ ಮೇಲೆ ಇನ್ನೊಂದು ಕಡೆಯ ನ್ಯಾಯವನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಸೊಸೈಟಿಯ ಸಾಲ ಕುತ್ತಿಗೆಗೆ ಬಂದವನಿಗೆ 'ಬೂಷ್ಟನ್ನು ನಂಬಿ ಕಾಯಿರಿ' ಎಂದು ಉಪದೇಶಿಸುವುದು ಕ್ರೂರ. ಬೋರ್ಡೋ ದ್ರಾವಣ ಹೊಡೆಯುವುದು ಪಾಪವಲ್ಲ. ಅಡಿಕೆ ಗೊನೆಯ ಕೊಳೆಗೆ ಮಳೆಗಾಲದ ಮುಂಚೆ ಅದನ್ನು ಹೊಡೆಯಲೇಬೇಕು, ಮರದ ತುದಿಯ ರೋಗಕ್ಕೆ ಬುಡದ ಟ್ರೈಕೋಡರ್ಮಾ ಉತ್ತರವಲ್ಲ. ಹಳದಿಯಾಗಿ ಎಲೆ ಉದುರಿಸುತ್ತಿರುವ ಮೆಣಸಿನ ಬಳ್ಳಿಯನ್ನು ಅದು ಬದುಕಿಸಲಾರದು. ಶುಂಠಿಗೆ ಬ್ಯಾಕ್ಟೀರಿಯಾದಿಂದ ಬರುವ ಸೊರಗು ರೋಗಕ್ಕೂ ಅದನ್ನೇ ನಂಬಿ ಕೂರುವಂತಿಲ್ಲ. ನೀರು ನಿಲ್ಲುವ ಗದ್ದೆಯಲ್ಲಿ ಬಸಿಗಾಲುವೆ ತೆಗೆಯದೆ, ರೋಗವಿಲ್ಲದ ಬಿತ್ತನೆ ಗಡ್ಡೆ ಆರಿಸದೆ ಹಾಕಿದರೂ ಪ್ರಯೋಜನವಿಲ್ಲ. ರೋಗ ಬರುವ ಮೊದಲೇ, ಗಿಡ ಆರೋಗ್ಯವಾಗಿರುವಾಗಲೇ, ವರ್ಷ ವರ್ಷ ಮಾಡಬೇಕಾದ ಕೆಲಸ ಇದು. ಹಾಗಾಗಿಯೇ ಬಡವನಿಗೆ ಕಷ್ಟ. ಮುಂದಿನ ವರ್ಷಕ್ಕೆ ಖರ್ಚು ಮಾಡಲು ಈ ವರ್ಷ ಉಳಿದಿರಬೇಕಲ್ಲ?

ಲೂಕನ ಶುಭಸಂದೇಶದ ಅಂಜೂರದ ಮರದ ಸಾಮತಿ (13:6-9) ಇಲ್ಲಿ ನೆನಪಾಗುತ್ತದೆ. ಮೂರು ವರ್ಷ ಫಲ ಕಾಣದ ಯಜಮಾನ ಕಡಿದುಹಾಕು ಎನ್ನುತ್ತಾನೆ. ತೋಟಗಾರ ಇನ್ನೊಂದು ವರ್ಷ ಕೇಳುತ್ತಾನೆ. ಸುತ್ತ ಅಗೆದು ಗೊಬ್ಬರ ಹಾಕುವೆನೆನ್ನುತ್ತಾನೆ. ಫಲ ಬಂದೇ ಬರುತ್ತದೆಂದು ಅವನು ಮಾತು ಕೊಡುವುದಿಲ್ಲ. ಬರದಿದ್ದರೆ ಕಡಿಯಬಹುದೆಂದೂ ಒಪ್ಪಿಕೊಳ್ಳುತ್ತಾನೆ. ಆ ಒಂದು ವರ್ಷದ ನಷ್ಟವನ್ನು ಯಾರು ಹೊರಬೇಕು? ಸಾಮತಿಯಲ್ಲಿ ಯಜಮಾನ. ನಮ್ಮಲ್ಲಿ ಅದನ್ನು ಸಾಲಗಾರನೊಬ್ಬನ ಹೆಗಲಿಗೇ ಬಿಡದೆ ಸೊಸೈಟಿ, ಇಲಾಖೆ, ಧರ್ಮಕೇಂದ್ರದ ಸಂಘಗಳು ಪಾಲು ಹಂಚಿಕೊಳ್ಳಬೇಕಾದ ಮಾತು.

ಅಂಗಡಿ ಇಟ್ಟಿರುವ ನಮ್ಮವರಿಗೂ ಒಂದು ಮಾತು. ಪೊಟ್ಟಣದಲ್ಲಿರುವುದು ಜೀವ. ಬಿಸಿಲು ಬೀಳುವ ಶೆಲ್ಫಿನಲ್ಲಿಟ್ಟರೆ, ದಿನಾಂಕ ಮೀರಿದರೆ ಅದು ಸಾಯುತ್ತದೆ. ಸತ್ತ ಪುಡಿಯನ್ನು ಜೀವಂತವೆಂದು ಮಾರಿದರೆ ಕೊಳ್ಳುವವನಿಗೆ ಕಣ್ಣಿನಿಂದ ತಿಳಿಯುವುದಿಲ್ಲ. ಅವನ ಬಳ್ಳಿ ಸತ್ತ ಮೇಲೂ 'ಇದೆಲ್ಲ ಮೋಸ' ಎಂದು ಬೂಷ್ಟನ್ನೇ ಬಯ್ಯುತ್ತಾನೆ. ಇದನ್ನು ಪಾಪನಿವೇದನೆಯಲ್ಲಿ ಏಳನೆಯ ಕಟ್ಟಳೆಯ ಕೆಳಗೇ ಹೇಳಬೇಕು.

ಇನ್ನು ನೆಲ ಗುತ್ತಿಗೆ ಕೊಡಲೇಬೇಕಾದ ಕುಟುಂಬಗಳು. ಕೊಡಬೇಡಿ ಎಂದು ನಾನು ಹೇಳಲಾರೆ. ಆಸ್ಪತ್ರೆಯ ಬಿಲ್ಲಿಗೆ, ವಯಸ್ಸಾದವರ ಜೀವನಕ್ಕೆ ಆ ಹಣವೇ ಆಧಾರವಾದ ಮನೆಗಳುಂಟು. ಆದರೆ ಕರಾರು ಪತ್ರದಲ್ಲಿ ಹಣದ ಸಾಲಿನ ಕೆಳಗೆ ಇನ್ನು ಕೆಲವು ಸಾಲು ಬರೆಸಲು ಯಾರೂ ಅಡ್ಡಿ ಮಾಡುವುದಿಲ್ಲ. ಎಕರೆಗೆ ಇಷ್ಟು ಗಾಡಿ ಕೊಟ್ಟಿಗೆ ಗೊಬ್ಬರ, ಅದೂ ಟ್ರೈಕೋಡರ್ಮಾ ಬೆರೆಸಿ ಮಾಗಿಸಿದ್ದು. ಬಸಿಗಾಲುವೆ ಗುತ್ತಿಗೆದಾರನ ಖರ್ಚಿನಲ್ಲಿ. ಕೃಷಿ ವಿಜ್ಞಾನ ಕೇಂದ್ರದವರು ಹೇಳಿದ ಔಷಧಿ, ಹೇಳಿದ ಪ್ರಮಾಣ ಮಾತ್ರ. ಹೊಡೆಯುವ ಕೂಲಿಯವರಿಗೆ ಕೈಗವಸು, ಮುಖವಸ್ತ್ರ. ಬೆಳೆ ಕಿತ್ತ ಮೇಲೆ ಬರಿದಾಗಿ ಬಿಡದೆ ಅಪ್ಸೆಣಬು ಬಿತ್ತಿ ಉಳುವ ಖರ್ಚಿನಲ್ಲಿ ಅರ್ಧ. ಅದರ ಹಿಂದೆಯೇ ರಾಗಿಯನ್ನೋ ಹುರುಳಿಯನ್ನೋ ಯಜಮಾನನೇ ಹಾಕಲಿ. ಬೇರಿಲ್ಲದ ನೆಲದಲ್ಲಿ ಮೈಕೋರೈಜಾ ಬಹುಕಾಲ ಬದುಕುವುದಿಲ್ಲ, ಅದಕ್ಕೆ ಜೀವಂತ ಬೇರು ಬೇಕು.

ಇಷ್ಟೆಲ್ಲ ಕೇಳಿದರೆ ಗುತ್ತಿಗೆದಾರ ಎಕರೆಯ ದರ ಇಳಿಸುತ್ತಾನೆ, ಅಥವಾ ಪಕ್ಕದ ಹೊಲಕ್ಕೆ ಹೋಗುತ್ತಾನೆ. ಪಕ್ಕದ ಹೊಲದವರೂ ಭಾನುವಾರ ಅದೇ ಬೆಂಚಿನಲ್ಲಿ ಕೂರುವವರಾದರೆ ಇಬ್ಬರೂ ಮೊದಲೇ ಮಾತಾಡಿಕೊಳ್ಳಬಹುದು. ಎಷ್ಟು ಹಣ ಇಳಿದರೆ ಮನೆ ತಡೆದೀತು ಎಂಬುದನ್ನು ಗಂಡ, ಹೆಂಡತಿ, ಬುದ್ಧಿ ಬಂದ ಮಕ್ಕಳು ಒಟ್ಟಿಗೆ ಕೂತು ಲೆಕ್ಕ ಹಾಕಲಿ. ಶುಂಠಿ ನಾಟಿಯ ಕಾಲಕ್ಕೆ ಬ್ರೋಕರ್ ಮುಂಗಡದ ಕಟ್ಟು ಹಿಡಿದು ಬಾಗಿಲಿಗೆ ಬರುವ ಮೊದಲೇ ಆ ಲೆಕ್ಕ ಮುಗಿದಿರಲಿ.